ಹೆಜ್ಜೆ ಲೆಕ್ಕ

ಪೋರ್ತೊ ಪಟ್ಟಣದ ನೀರಿನ ಕಂದಾಯದ ಕಚೇರಿ,
ಐದನೇ ಮಹಡಿ. ಲಿಫ್ಟು ಬಂದು ನಿಲ್ಲುತ್ತದೆ
ಕರೆಯುವ ಮೊದಲೇ ಕಾಲು ಮೂಸುವ ನಾಯಿಯ ಹಾಗೆ.

ಕೂತು ಕೂತು ಕುರ್ಚಿಗಳಿಗೆ ನಮ್ಮದೇ ಆಕಾರ.
ಪ್ರಿಂಟರು ಕೈಗೆಟುಕುವಷ್ಟು ಹತ್ತಿರ, ಊಟವೂ ಮೇಜಿನ ಮೇಲೇ.
ಪಕ್ಕದ ಕೋಣೆಯ ಗ್ರಾಸಾಳನ್ನು
'ಜ್ವರ ಬಿಟ್ಟಿತೇ' ಎಂದು ಕೇಳಲಿಕ್ಕೂ
ಟೈಪು ಮಾಡುತ್ತೇನೆ.

ಮಾರ್ಚಿನಲ್ಲಿ ಮೇಲಿನವರಿಗೆ ನಮ್ಮ ಹೃದಯದ ಚಿಂತೆ ಹತ್ತಿತು.
ಮಣಿಕಟ್ಟಿಗೊಂದು ಹೆಜ್ಜೆ ಎಣಿಸುವ ಕರಿ ಪಟ್ಟಿ,
ಹೆಚ್ಚು ನಡೆದವರಿಗೆ ಬಹುಮಾನ.
ಮೊದಲ ದಿನ ನನ್ನದು ಸಾವಿರದ ನೂರ ಹನ್ನೆರಡು,
ಅದರಲ್ಲಿ ಅರ್ಧ ಕಾಫಿ ಕಲಕಿದ್ದು.

ಹಳೆ ಬಾಕಿ ವಿಭಾಗದ ಅನ್ಸೆಲ್ಮು ಮಾತ್ರ
ದಿನಕ್ಕೆ ಇಪ್ಪತ್ತೆರಡು ಸಾವಿರ!
ಹೊಟ್ಟೆ ಇದ್ದಲ್ಲೇ ಇದೆ, ಏದುಸಿರೂ.

ಬುಧವಾರ ಲಿಫ್ಟು ಕೆಟ್ಟಿತು. ಮೆಟ್ಟಿಲೇ ಗತಿ.
ಮೂರನೇ ತಿರುವಿನಲ್ಲಿ ಕಂಬಿ ಹಿಡಿದು ನಿಂತರೆ
ಕಿಟಕಿಯ ತುಂಬ ದೋರು ನದಿ.
ಹನ್ನೊಂದು ವರ್ಷದಿಂದ ಅಲ್ಲೇ ಹರಿಯುತ್ತಿತ್ತಂತೆ.
ಕಿಟಕಿಯ ಕೆಳಗೆ ಮಂಡಿಯೂರಿ ದೆಯೊಲಿಂದಾ;
ನೆಲ ಒರೆಸುವ ಕೈಯಲ್ಲಿ
ಅನ್ಸೆಲ್ಮುವಿನ ಪಟ್ಟಿ.

ತುಟಿಗೆ ಒದ್ದೆ ಬೆರಳಿಟ್ಟಳು.
'ದಿನಕ್ಕೊಂದು ಯೂರೊ ಕೊಡ್ತಾನೆ.'

ಬಹುಮಾನ ಬಂತು: ವರ್ಷವಿಡೀ ಜಿಮ್ಮು ಪುಕ್ಕಟೆ.
ಚೀಟಿಯನ್ನೂ ಅವಳಿಗೇ ಕೊಡಹೋದ ಅನ್ಸೆಲ್ಮು.
ಬಕೆಟ್ಟು ಕೆಳಗಿಟ್ಟು, ಸೊಂಟ ನೀವಿಕೊಳ್ಳುತ್ತ
ಕೇಳಿದಳು: 'ಅಲ್ಲಿ ಕೂರೋದಕ್ಕೆ ಏನಾದರೂ ಇದೆಯಾ?'

ಸೋಮವಾರ ಲಿಫ್ಟು ಸರಿಹೋಯಿತು.
ಬಾಗಿಲು ತೆರೆದು ಕಾಯುತ್ತಿದೆ.
ನಾನು ಮೆಟ್ಟಿಲು ಹತ್ತಿದೆ, ಎರಡು ದಿನ.
ಮೂರನೇ ದಿನದ್ದು ಕೇಳಬೇಡಿ.