ನಲವತ್ತು ಕಾಲು

ಅಪೋಲ್ಡಾ ಊರಿನ ಕಾಲುಚೀಲದ ಮಿಲ್ಲಿನಲ್ಲಿ
ನಾಲ್ಕನೇ ಯಂತ್ರ ನಿಂತಿತು, ಮಂಗಳವಾರ,
ಹಿಮ್ಮಡಿ ತಿರುಗುವಲ್ಲಿ.
ಸೂಜಿಗಳೆಲ್ಲ ಬಾಯಿ ತೆರೆದುಕೊಂಡು,
ಅರ್ಧ ಕಾಲುಚೀಲ ನಾಲಗೆಯ ಹಾಗೆ ಜೋತುಬಿದ್ದು.
ಹೊಸ ಮಾಲೀಕ, ಇನ್ನೂ ಹುಡುಗ,
ಫೋನಿನಲ್ಲಿ ಗುಜರಿಯ ದರ ವಿಚಾರಿಸುತ್ತಿದ್ದ.
ನಾನು ಬಿಸ್ಕತ್ತಿನ ಡಬ್ಬಿ ತಂದೆ.

ಒಳಗೆ ಕಪ್ಪು ಸ್ಪಂಜಿಗೆ ಚುಚ್ಚಿಟ್ಟ ಏಳು –
ಆರು ಅನ್ನಿ, ಒಂದರ ಕಾಲು ಮುರಿದಿದೆ –
ಜರಿಹುಳುವಿನಂಥವು, ಬೆನ್ನ ಮೇಲೆ ಎರ್ಫುರ್ಟಿನ ಮುದ್ರೆ.
ಒಂದು ಟೈಪ್‌ರೈಟರಿನದು, ಎರಡು ಶಾಲೆಯವರು ಎಸೆದ ಕಂಪ್ಯೂಟರಿನವು.
ಉಳಿದವು ಗೆರ್‌ಲಿಂಡೆ ಕೊಟ್ಟದ್ದು,
ಆ ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹನ್ನೆರಡು ವರ್ಷ,
ಆಮೇಲೆ ಪರದೆ ಬಟ್ಟೆ ಮಾರಿದವಳು.
ನನಗಿಂತ ಇವೇ ಹೆಚ್ಚು ಬಾಳುತ್ತವೆ ಅಂದಿದ್ದಳು. ಹಾಗೇ ಆಯಿತು.

ನನ್ನ ಹೆಸರು ನ್ಯುಂಗ್. ನಮ್ಮ ಮಾತಿನಲ್ಲಿ ಮಖಮಲ್ಲು.
ಹಾಯ್ ಫಾಂಗಿನಿಂದ ಬಂದದ್ದು ಎಂಬತ್ತೇಳರಲ್ಲಿ,
ಈ ಯಂತ್ರ ಇಳಿದ ವಾರವೇ.
ಇಬ್ಬರಿಗೂ ಒಂದೇ ರಿಜಿಸ್ಟರು, ಐದು ವರ್ಷದ ವಾಯಿದೆ.
ನನ್ನ ಪಾಸ್‌ಪೋರ್ಟು ಮೇಲ್ವಿಚಾರಕನ ಕಪಾಟಿನಲ್ಲಿ,
ಅದರ ಕೀಲಿಕೈಯೂ ಅಲ್ಲೇ.

ಆಮೇಲೆ ದೇಶ ಹೋಯಿತು.
ಹೀಗಂದರೆ ಮಗಳು ನಗುತ್ತಾಳೆ:
ದೇಶ ಅಂದರೇನು ಕೊಡೆಯೇ, ಬಸ್ಸಿನಲ್ಲಿ ಮರೆತು ಬರಲಿಕ್ಕೆ?
ಆದರೆ ಹಾಗೇ ಹೋಯಿತು.
ನೋಟು ಬದಲಾಯಿತು, ಬೀದಿಯ ಹೆಸರು ಬದಲಾಯಿತು,
ನಮ್ಮ ಕೈಗೆ ಮೂರು ಸಾವಿರ ಮಾರ್ಕು, ವಿಮಾನದ ಟಿಕೀಟು.
ಹಾಸ್ಟೆಲ್ಲಿನ ಹನ್ನೊಂದು ಮಂದಿ ಹೊರಟರು,
ಮರದ ಪೆಟ್ಟಿಗೆಯಲ್ಲಿ ಸೈಕಲ್ಲು, ಹೊಲಿಗೆ ಯಂತ್ರ, ಸಕ್ಕರೆ.
ನಾನು ಹೋಗಲಿಲ್ಲ. ಯಾಕೆಂದು ಈಗಲೂ ಸರಿಯಾಗಿ ಗೊತ್ತಿಲ್ಲ.
ಅಂದು ನನ್ನದು ರಾತ್ರಿಪಾಳಿ. ಯಂತ್ರ ನಡೆಯುತ್ತಿತ್ತು.

ಅದಕ್ಕೆ ಯಾರೂ ಸುದ್ದಿ ಮುಟ್ಟಿಸಲಿಲ್ಲ.
ಇನ್ನೂರೈವತ್ತೈದರ ತನಕ ಎಣಿಸುವುದು, ಸೊನ್ನೆಗೆ ಮರಳುವುದು;
ಒಂದು ಪಾದದ ಸುತ್ತಳತೆ
ಅಷ್ಟರೊಳಗೇ ಮುಗಿಯುತ್ತದೆ.
ಫ್ಯಾನು ಕೇಳಲಿಲ್ಲ. ಮುಟ್ಟಿದರೆ
ಆಗತಾನೇ ಯಾರೋ ಎದ್ದುಹೋದ ಕುರ್ಚಿಯಷ್ಟು ಬೆಚ್ಚಗೆ.
ಕಿಟಕಿಯ ಪಕ್ಕದ ಹೊಸದಿದೆಯಲ್ಲ, ಬೆರಳಿಟ್ಟರೆ ಬೆಳಗುವ ಪರದೆಯದು,
ಮೂರನೇ ಚಳಿಗಾಲಕ್ಕೆ ಕುರುಡಾಯಿತು.
ಅದರ ಕಂಪನಿಗೆ ಫೋನು ಮಾಡಿದರೆ ಪಿಟೀಲು ಕೇಳಿಸುತ್ತದೆ.

ಹಲಗೆ ಬಿಚ್ಚಿದೆ.
ನೂಲಿನ ಧೂಳು, ಮಲಗಿದ ಬೆಕ್ಕಿನಷ್ಟು.
ಪಕ್ಕದಲ್ಲಿ ನೆನಪಿನ ಚಿಪ್ಪು,
ಅದರ ಗಾಜಿನ ಕಿಟಕಿಗೆ ಕಪ್ಪು ಪಟ್ಟಿ;
ಬಿಸಿಲು ಬಿದ್ದರೆ ಕಲಿತದ್ದೆಲ್ಲ ಅಳಿದೀತು.
ಪಟ್ಟಿಯನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದೆ.
ನನಗೂ ಇದೆ ಅಂಥದೊಂದು ಕಿಟಕಿ. ಅದರ ಮಾತು ಬೇಡ.

ಚಿಮಟದಲ್ಲಿ ಹಿಡಿದು ಮೇಲೆತ್ತಿ ನೋಡಿದರೆ
ಸತ್ತಿರಲಿಲ್ಲ. ಕಾಲಿಗೆ ಕಿಲುಬು, ಅಷ್ಟೆ.
ಮೊಮ್ಮಗನ ರಬ್ಬರಿನಿಂದ ಒಂದೊಂದೇ ಉಜ್ಜಿದೆ,
ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ.
ಎಣಿಸುವಾಗ ಮಾತ್ರ ನನ್ನ ಬಾಯಿಗೆ
ಹಾಯ್ ಫಾಂಗಿನ ಅಂಕಿಗಳೇ ಬರುವುದು.
ಉಸಿರು ಹಿಡಿದು ಒತ್ತಿದೆ. ಕಟಕ್ಕೆಂದು ಕೂತಿತು.

ಸೂಜಿಗಳು ಬಾಯಿ ಮುಚ್ಚಿದವು.
ಎಲ್ಲಿ ನಿಂತಿದ್ದೆ ಅನ್ನುವುದು ಅದಕ್ಕೆ ನೆನಪಿಲ್ಲ,
ಸೊನ್ನೆಯಿಂದಲೇ ಶುರು.
ಅರ್ಧ ಕಾಲುಚೀಲವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ಹುಡುಗ ಫೋನು ಕೆಳಗಿಟ್ಟು ಕೇಳಿದ,
ಇನ್ನೆಷ್ಟು ವರ್ಷ?
ಯಾರ ಬಗ್ಗೆ ಕೇಳಿದನೋ.
ಡಬ್ಬಿ ಮುಚ್ಚಿದೆ.
ಆರು ಇವೆ, ಅಂದೆ.