ಏಳು ನಿಮಿಷದ ಮುಖ

ಕೋಣೆ ನಂಬರ್ ಹದಿನಾಲ್ಕು. ಹೊರಗೆ ಸಾವೊ ಲೂಯಿಸ್,
ಉಪ್ಪುಗಾಳಿಗೆ ಗೋಡೆಯ ನೀಲಿ ಬಿಲ್ಲೆಗಳು ಕಳಚಿ ಬೀಳುವ ಊರು.
ಒಳಗೆ ಐದು ಕುರ್ಚಿ, ಒಂದು ಕ್ಯಾಮೆರಾ,
ತನಗೆ ಮನಸ್ಸಾದಾಗ ತಿರುಗುವ ಫ್ಯಾನು.
ನಡುವಿನ ಕುರ್ಚಿ ನನ್ನದು.

ಇಪ್ಪತ್ತೆರಡು ವರ್ಷ ಇಲ್ಲೇ ಪಾಠ ಹೇಳಿದ್ದೇನೆ:
ಜನಾಂಗ ಮೂಳೆಯಲ್ಲಿಲ್ಲ, ನೆತ್ತರಲ್ಲಿಲ್ಲ,
ನೋಡುವವನ ಕಣ್ಣಲ್ಲಿ ಕೂತ ಧೂಳು ಅದು ಎಂದು.
ಪರೀಕ್ಷೆಗೂ ಅದನ್ನೇ ಕೇಳಿದ್ದೇನೆ. ಹತ್ತು ಅಂಕ.
ಈಗ ಸರ್ಕಾರ ನನ್ನನ್ನು ಕೇಳುತ್ತದೆ: ನೋಡಿ ಹೇಳಿ,
ಕಾದಿಟ್ಟ ಸೀಟಿಗೆ ಬಂದ ಇವರು ಕಪ್ಪೋ, ಅಲ್ಲವೋ.
ತಲೆಗೆ ಏಳು ನಿಮಿಷ.

ಮುಖ ಮಾತ್ರ ಸಾಕ್ಷಿ.
ಅಜ್ಜಿಯ ಫೋಟೋ, ಮುತ್ತಜ್ಜನ ಸರಪಳಿ
ಲೆಕ್ಕಕ್ಕಿಲ್ಲ.

ನನ್ನ ಡ್ರಾಯರಿನಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ,
ಗುರುಗಳೊಬ್ಬರು ಬಿಟ್ಟುಹೋದದ್ದು.
ಮೂವತ್ತಾರು ಗಾಜಿನ ಚೂರು, ಹಾಲಿನಿಂದ ಇದ್ದಿಲಿನವರೆಗೆ;
ತೋಳಿನ ಪಕ್ಕ ಹಿಡಿದು ಮನುಷ್ಯರಿಗೆ ನಂಬರು ಕೊಡುತ್ತಿದ್ದ ಕಾಲದ್ದು.
ವರ್ಷಕ್ಕೊಮ್ಮೆ ತರಗತಿಗೆ ತಂದು ಹುಡುಗರನ್ನು ನಗಿಸುತ್ತೇನೆ.
ಇವತ್ತು ಡ್ರಾಯರಿಗೆ ಬೀಗ ಹಾಕಿ ಬಂದೆ.

ಬಬಸ್ಸು ಕಾಯಿ ಒಡೆಯುವ ಹೆಂಗಸರ ಹಳ್ಳಿಯಲ್ಲಿ
ಒಮ್ಮೆ ಕೇಳಿದ್ದೆ, ನಿಮ್ಮದು ಯಾವ ಬಣ್ಣವೆಂದು.
ಕೊಡಲಿಯ ಹಿಡಿಯನ್ನು ತೊಡೆಯಡಿ ಒತ್ತಿ ಕೂತವರು
ಒಬ್ಬೊಬ್ಬರು ಒಂದೊಂದು ಹೇಳಿದರು:
ಹುರಿದ ಗೋಡಂಬಿ, ಸಂಜೆಯ ಕೆಸರು, ತುಕ್ಕು,
ಒಲೆಯ ಮೇಲಿಟ್ಟು ದೇವರು ಮರೆತ ಬೆಲ್ಲ.
ದೋನ ಕ್ರೆಮಿಲ್ದಾ ಕೈಯಲ್ಲಿದ್ದ ಕಾಯಿ ಒಡೆದು,
"ಪೊಲೀಸರು ಬಂದ ದಿನ ನಾವೆಲ್ಲ ಒಂದೇ ಬಣ್ಣ" ಅಂದಳು.
ಬಣ್ಣಗಳನ್ನೆಲ್ಲ ಬರೆದುಕೊಂಡೆ.
ಆ ಮಾತು ಯಾವ ಕಾಲಮ್ಮಿಗೂ ಸೇರಲಿಲ್ಲ.

ಹನ್ನೊಂದನೆಯವಳು ಇವಾನೀರಾ. ಹದಿನೆಂಟು ವರ್ಷ, ನರ್ಸಿಂಗ್.
ಕೂದಲನ್ನು ಅದರ ಪಾಡಿಗೆ ಬಿಟ್ಟು ಬಂದಿದ್ದಾಳೆ,
ಕಡ ತಂದ ಒಡವೆ ತೊಟ್ಟವಳ ಹಾಗೆ ಅಳುಕುತ್ತ.
ಕಿವಿಯ ತುದಿಯಲ್ಲಿ ನುಣ್ಣಗಾದ ಹಳೆಯ ಸುಟ್ಟ ಕಲೆ.
ಗೊತ್ತು ನನಗೆ ಆ ಕಲೆ. ಭಾನುವಾರದ ಸಂಜೆ,
ಒಲೆಯಲ್ಲಿ ಕಾದ ಕಬ್ಬಿಣದ ಬಾಚಣಿಗೆ,
"ಅಲುಗಾಡಬೇಡ, ಚೆಂದ ಕಾಣಬೇಡವೇ" ಎನ್ನುವ ತಾಯಿ.
ಎಲ್ಲವೂ ಪ್ರೀತಿಯೇ. ಕಷ್ಟ ಇರುವುದೇ ಅಲ್ಲಿ.

ನನ್ನ ತಾಯಿ ನನ್ನ ಮೂಗಿಗೆ
ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಮಲಗಿಸುತ್ತಿದ್ದಳು.
ಮೂಗು ಮಣಿಯಲಿಲ್ಲ. ಬಾಯಲ್ಲಿ ಉಸಿರಾಡುವುದನ್ನು ಕಲಿತೆ.

"ಏನಾದರೂ ಹೇಳುವುದಿದೆಯೇ?"
"ಬಸ್ಸಿನಲ್ಲಿ ನನ್ನ ಪಕ್ಕದ ಸೀಟು
ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ ಮೇಡಂ.
ಅದು ಈ ಕ್ಯಾಮೆರಾದಲ್ಲಿ ಬೀಳುತ್ತದೆಯೇ?"
ಗುಮಾಸ್ತ ತೆಯೊಡುಲೊ ತಲೆಯೆತ್ತದೆ ಬರೆದ: ಅಪ್ರಸ್ತುತ.

ಸೂಪರ್‌ಮಾರ್ಕೆಟ್ಟಿನ ಕಾವಲುಗಾರನಿಗೆ ಏಳು ನಿಮಿಷ ಬೇಕಿಲ್ಲ.
ಅವನು ನನ್ನ ಪಾಠ ಕೇಳಿದವನೂ ಅಲ್ಲ.
ಅವನ ಕಣ್ಣಿನ ಆ ಧೂಳನ್ನೇ ಎರವಲು ತಂದು
ನನ್ನ ಕಣ್ಣಿಗೆ ಹಾಕಿಕೊಳ್ಳಬೇಕು,
ಅವನು ಮುಚ್ಚಿದ ಬಾಗಿಲನ್ನು ತೆರೆಯಲು.
ಮುಳ್ಳನ್ನು ಮುಳ್ಳಿಂದಲೇ ತೆಗೆಯುವುದೆಂದರೆ ಇದೇ ಇರಬೇಕು;
ಚುಚ್ಚಿಸಿಕೊಳ್ಳುವ ಕಾಲು ಮಾತ್ರ ಎರಡು ಸಲವೂ ಇವಳದೇ.

ಐದೂ ಕೈ ಎದ್ದವು. ಸಹಿ ಹಾಕಿದೆ.
ಅವಳು ಥ್ಯಾಂಕ್ಸ್ ಹೇಳಿದಳು. ಹೇಳಬಾರದಿತ್ತು.

ಹನ್ನೆರಡನೆಯವನು ಒಳಗೆ ಬಂದ. ಮರಳಿನ ಬಣ್ಣದ ಹುಡುಗ,
ಹಸಿರುಗಣ್ಣು, ತೊಡೆಯ ಮೇಲೆ ಬೋರಲಾಗಿ ಒಂದು ಫೋಟೋ.
ನಿಯಮ ಗೊತ್ತು ಅವನಿಗೆ, ತೋರಿಸುವುದಿಲ್ಲ.
ಫ್ಯಾನಿಗೆ ಮನಸ್ಸಾಯಿತು; ಮೂಲೆ ಎದ್ದಿತು;
ಒಂದು ಕೊಡಲಿಯ ಅಂಚು, ಒಂದು ಮಂಡಿ,
ಹುರಿದ ಗೋಡಂಬಿಯ ಬಣ್ಣದ್ದು.
ಅವನು ಅಂಗೈಯಿಂದ ಅದನ್ನು ಒತ್ತಿ ಹಿಡಿದ.

ಕ್ಯಾಮೆರಾದ ಕೆಂಪು ದೀಪ ಹತ್ತಿತು.
ಬಾಯಲ್ಲಿ ಉಸಿರಾಡುತ್ತ
ನಾನು ನೋಡತೊಡಗಿದೆ.