ಸಿಂಬಿ

ಮಂಗಳವಾರ ಪಾರ್ಲರಿಗೆ ರಜೆ.
ವಿರಾಜಪೇಟೆಯ ಗಡಿಯಾರ ಕಂಬ ದಾಟಿ, ಇಳಿಜಾರಿನಲ್ಲಿ
ಅರ್ಧ ಎಳೆದ ಶಟರಿನಡಿ ಬಗ್ಗಿ ಒಳಗೆ ಹೋಗುತ್ತೇನೆ,
ತಲೆ ತಗಲದ ಹಾಗೆ.
ಈಗೀಗ ಎಲ್ಲದರಡಿಯೂ ಹೀಗೇ ಬಗ್ಗುತ್ತೇನೆ:
ಬಸ್ಸಿನ ಬಾಗಿಲು, ಕಿತ್ತಳೆಯ ಕೊಂಬೆ,
ಹರಸಲು ಎತ್ತಿದ ಅತ್ತೆಯ ಕೈ.

ಸೆವ್ರಿನ್ ಬಾಯಿ ಲೋಳೆಸರ ಸೀಳಿಟ್ಟಿದ್ದಾಳೆ.
ಹಳದಿ ಹಾಲು ಸೋರಿಹೋಗಲೆಂದು
ರಾತ್ರಿಯೇ ಲೋಟದಲ್ಲಿ ನಿಲ್ಲಿಸಿದ್ದಳಂತೆ.
"ಆ ಹಳದಿಯೇ ಉರಿ, ದೇಚು.
ಗೊತ್ತಿಲ್ಲದವರು ಹಾಗೇ ಮೆತ್ತುತ್ತಾರೆ."
ಗೊತ್ತಿಲ್ಲದವರು ಎಂದವಳು ತುಸು ತಡೆದಳು.
ನಾನು ಕನ್ನಡಿಯಲ್ಲಿ ಬೇರೆ ಕಡೆ ನೋಡಿದೆ.

ಮದುವೆಗೆ ನಾಲ್ಕು ದಿನವಿತ್ತು ಆಗ.
ಇದೇ ಕುರ್ಚಿ, ಇದೇ ಕೈ, ಬಿಳಿ ಕ್ರೀಮು,
ಕೊಳೆತ ಮೊಟ್ಟೆಯ ವಾಸನೆ.
ಇಪ್ಪತ್ತು ನಿಮಿಷ ಅಂದದ್ದು ನಲವತ್ತಾಯಿತು.
ಇನ್ನೂ ಸ್ವಲ್ಪ ಇರಲಿ ಎಂದವಳು ನಾನೇ.
ಹೈಸ್ಕೂಲಿನ ಗ್ರೂಪ್ ಫೋಟೋಗೆ
"ಆ ಪೊದೆಯನ್ನು ಹಿಂದಿನ ಸಾಲಿಗೆ ಕಳಿಸಿ" ಎಂದಿದ್ದನಲ್ಲ ಒಬ್ಬ,
ಅವನಿಗೆ ಉತ್ತರ ಕೊಡುತ್ತಲೇ ಹನ್ನೊಂದು ವರ್ಷ
ಆರಾರು ತಿಂಗಳಿಗೊಮ್ಮೆ ಗುಂಗುರನ್ನು ಹೊಡೆದು ಮಲಗಿಸಿದ್ದೆ.
ಉರಿ ಬಂದರೆ ಹಿಡಿಯುತ್ತಿದೆ ಎಂದರ್ಥ.
ನಾವಿಬ್ಬರೂ ಅದನ್ನು ನಂಬಿದ್ದೆವು.

ಆಮೇಲೆ ನೀರೆತ್ತುವ ಹೊತ್ತು.
ಬಾವಿಕಟ್ಟೆಯಲ್ಲಿ ಕಾಯಿ ಒಡೆದು, ವೀಳ್ಯವಿಟ್ಟು, ಕೊಡ ತುಂಬಿ,
ಕೆಂಪು ವಸ್ತ್ರದ ಮೇಲೆ ಸಿಂಬಿ,
ಸಿಂಬಿಯ ಮೇಲೆ ತಾಮ್ರದ ಕೊಡ,
ಅದರ ಮೇಲೆ ಇನ್ನೊಂದು, ಚಿಕ್ಕದು.
ವಸ್ತ್ರದಡಿ ನುಣುಪಾಗಿ ಹೊಳೆವ ಕೂದಲು,
ಕೂದಲಡಿ ಬಸಿಯುವ ಹಸಿ ಗಾಯ.
ಮಂಟಪಕ್ಕೆ ನೂರೇ ಹೆಜ್ಜೆ.
ಎದುರಿಗೆ ವಾಲಗ, ಗಂಡಿನ ಕಡೆಯವರ ಕುಣಿತ.
ದಾರಿ ಬಿಡಬಾರದು, ಅದೇ ಶಾಸ್ತ್ರ, ಅದೇ ಖುಷಿ.
ಒಂದು ಹೆಜ್ಜೆ. ನಿಲ್ಲು.
ಅರ್ಧ ಹೆಜ್ಜೆ. ನಿಲ್ಲು.
ಚಿಕ್ಕಮಾವ ಬೋಪಯ್ಯ ನನ್ನ ಮುಂದೆ ಕಣ್ಣು ಮುಚ್ಚಿ ಕುಣಿದರು
ಎರಡು ಗಂಟೆ ನಲವತ್ತು ನಿಮಿಷ.
ಅಷ್ಟು ಚಂದ ಕುಣಿಯುವವರ ಮೇಲೆ
ಸಿಟ್ಟಾಗುವುದಾದರೂ ಹೇಗೆ?
ಕಣ್ಣೀರು ಕಂಡವರು ತವರು ನೆನಪಾಯಿತು ಅಂದರು.
ಮಂಡೆ ಬಿಸಿ ಎಂಬುದು ಬರೀ ಮಾತು ಅಂದುಕೊಂಡಿದ್ದೆ
ಅಲ್ಲಿಯವರೆಗೆ.

ಹತ್ತು ತಿಂಗಳಾಯಿತು.
ಬುಡದಲ್ಲಿ ನಾಲ್ಕು ಬೆರಳು ಗುಂಗುರು,
ಅಲ್ಲಿಂದ ತುದಿಯವರೆಗೆ ಒಣಹುಲ್ಲು.
ಎರಡೂ ಕೂಡುವಲ್ಲಿ ಎಳೆ ತುಂಡಾಗುತ್ತದೆ,
ಬಾಚಣಿಗೆ ಅಲ್ಲಿ ತಡೆದರೆ
ಕಣ್ಣಿನ ಹಿಂದಿನವರೆಗೂ ಸುದ್ದಿ ಮುಟ್ಟುತ್ತದೆ.
ಕಾಚಂಪುಳಿ ಹಚ್ಚು, ಹೊಟ್ಟೆಲ್ಲ ಹಾರಿಹೋಗುತ್ತದೆ,
ಅನ್ನುತ್ತಾರೆ ಅತ್ತೆ.
"ಅದು ಹಂದಿ ಸಾರಿಗೆ" ಎಂದು ಬಾಯಿ ನಗುತ್ತಾಳೆ.

ಲೋಳೆ ತಣ್ಣಗೆ ಬೈತಲೆಗೆ ಇಳಿಯುತ್ತದೆ.
ಮೊದಲು ನೆತ್ತಿ, ಆಮೇಲೆ ಕಿವಿಯ ಹಿಂದಿನ ಗೆರೆ,
ಕೊನೆಗೆ ಒಂದು ರೂಪಾಯಿಯಷ್ಟಗಲ ಬೋಳು.
ಅಲ್ಲಿ ಅವಳು ಮುಟ್ಟುವುದಿಲ್ಲ, ಊದುತ್ತಾಳೆ,
ಬಿಸಿ ಗಂಜಿಗೆ ಊದಿದ ಹಾಗೆ.
ಅವಳ ಬೆರಳು ನೋಡಿದೆ.
ಹದಿನೈದು ವರ್ಷದ ಕೆಂಪು ಉಗುರುಗಳು
ಬುಡದವರೆಗೆ ಕತ್ತರಿಸಿವೆ.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ದಾಸವಾಳದ ಸೊಪ್ಪು ಕಿವುಚಿದ ನೀರು
ಕುತ್ತಿಗೆಯಲ್ಲಿ ಹಸಿರಾಗಿ ಇಳಿಯಿತು.

"ಈ ನೇರದ್ದನ್ನೆಲ್ಲ ಕತ್ತರಿಸಿಬಿಡಲಾ?"
ಇವತ್ತು ಬೇಡ. ಒಂದಿಂಚು ತೆಗಿ.
ಒದ್ದೆಯಾದ ಒಂದು ಎಳೆ
ತಾನಾಗಿ ಸುತ್ತಿ ಅವಳ ಕಿರುಬೆರಳಿನ ಮೇಲೆ ಕೂತಿತು,
ಮೇಲೆ ಏನೂ ಹೊರಿಸದ
ಪುಟ್ಟ ಸಿಂಬಿ.

ಕಪಾಟಿನಲ್ಲಿ ಬಿಳಿ ಡಬ್ಬಿಗಳು ಹಾಗೇ ಇವೆ.
ನಾಳೆ ಪೊನ್ನಂಪೇಟೆಯ ಹುಡುಗಿ ಬರುತ್ತಾಳಂತೆ, ಮದುವೆಗೆ.
"ಬಾಡಿಗೆ ಕಟ್ಟಬೇಕಲ್ಲ" ಎಂದಳು, ನನ್ನನ್ನು ನೋಡದೆ.
ಆಮೇಲೆ, "ಹದಿನೈದೇ ನಿಮಿಷ.
ಬೇಡಿಕೊಂಡರೂ ತೊಳೆದುಬಿಡ್ತೇನೆ."

ಉಳಿದ ಲೋಳೆಸರವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು.
ಫ್ರಿಜ್ಜಿನಲ್ಲಿಡು.
ಮೀನಿನ ಪಕ್ಕ ಬೇಡ.